ತೊಳೆದಿಟ್ಟ ಟ್ಯಾಂಕು

ಆವತಿ,
ದೇವನಹಳ್ಳಿ ತಾಲ್ಲೂಕು.
28-9-1944, ವಿಜಯದಶಮಿಯ ಮಾರನೆಯ ದಿನ.

ಪ್ರೀತಿಯ ಮಗ ಮುನಿವೆಂಕಟಪ್ಪನಿಗೆ,

ನಿನ್ನ ಅಪ್ಪನ ಆಶೀರ್ವಾದ. ಮೈ ಹೇಗಿದೆ? ಜ್ವರ ಬಂದು ಬಿಟ್ಟಿತು ಎಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ. ಬಿಟ್ಟ ಜ್ವರ ಮತ್ತೆ ಬಂತೋ ಏನೋ ಎಂದು ನಿನ್ನ ಅವ್ವ ದಿನ ಬೆಳಗಾದರೆ ನನ್ನನ್ನು ಕೇಳುತ್ತಾಳೆ, ನಾನೇನೋ ನಿನ್ನ ಪಕ್ಕದ ಹಾಸಿಗೆಯಿಂದ ಎದ್ದು ಬಂದವನ ಹಾಗೆ. ಅಲ್ಲಿ ಕೊಡುವ ಕಹಿ ಮಾತ್ರೆಯನ್ನು ಉಗುಳದೆ ನುಂಗು. ಬೇವಿನ ಕಷಾಯವನ್ನು ಬಾಯಲ್ಲಿಟ್ಟುಕೊಂಡು ಹಿತ್ತಲಿಗೆ ಓಡಿ ಚಕ್ಕೋತದ ಗಿಡಕ್ಕೆ ಉಗಿಯುತ್ತಿದ್ದವನು ನೀನು, ಆ ಗಿಡಕ್ಕೆ ಇವತ್ತಿಗೂ ಜ್ವರ ಬಂದಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಪರವಾಗಿಲ್ಲ, ಬೆಟ್ಟದ ಕೆಳಗಿನ ಹೊಲದಲ್ಲಿ ರಾಗಿ ಚೆನ್ನಾಗಿ ತೆಂಡೆ ಒಡೆದಿದೆ. ಕೆಂದ ಹಸು ಕರು ಹಾಕಿದೆ, ಹೆಣ್ಣು. ನಿನ್ನ ಅವ್ವನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಈ ಕಾಗದವನ್ನು ನಿನಗಿಂತ ಮುಂಚೆ ಒಡೆದು ಓದುವ ಸರ್ಕಾರದ ಸ್ವಾಮಿಗಳಿಗೂ ನನ್ನ ನಮಸ್ಕಾರ. ಇದರಲ್ಲಿ ಬರುವ ಟ್ಯಾಂಕು ಮರದ್ದು, ಮಸಿ ಬಳಿಯುವಂಥದ್ದು ಏನೂ ಇಲ್ಲ.

ಆ ಮರದ ಟ್ಯಾಂಕಿನ ಕಥೆಯನ್ನೇ ಬರೆಯಬೇಕೆಂದು ಕೂತಿದ್ದೇನೆ. ನೀನು ದಂಡಿಗೆ ಸೇರಿದ ಹೊಸದರಲ್ಲಿ, "ನನ್ನನ್ನು ಟ್ಯಾಂಕುಗಳ ಕೆಲಸಕ್ಕೆ ಹಾಕಿದ್ದಾರೆ" ಎಂದು ಒಂದೇ ಒಂದು ಸಾಲು ಬರೆದಿದ್ದೆ. ನೀನು ಬರೆದದ್ದು ಅಷ್ಟೇ. ಉಳಿದದ್ದೆಲ್ಲ ನಾನು ಸೇರಿಸಿದ್ದು. ಅರಳಿಕಟ್ಟೆಗೆ ಹೋಗುವಷ್ಟರಲ್ಲಿ ನೀನು ಟ್ಯಾಂಕು ಓಡಿಸುವವನಾದೆ, ದೇವನಹಳ್ಳಿಯ ಸಂತೆ ತಲುಪುವಷ್ಟರಲ್ಲಿ ಗುಂಡು ಹಾರಿಸುವವನೂ ಆದೆ. ಇನ್ನೂ ಆಚೆಗೆ ಹೋಗಿದ್ದರೆ ಯುದ್ಧವನ್ನೇ ಗೆದ್ದುಬಿಡುತ್ತಿದ್ದೆಯೋ ಏನೋ. ನಿನ್ನ ಅವ್ವ ಒಂದು ಸಲ, "ಅವ್ನು ಹಂಗೆ ಬರ್ದಿಲ್ವಲ್ಲ" ಅಂದಳು. ನಿನಗೇನು ಗೊತ್ತು ಎಂದು ಅವಳ ಬಾಯಿ ಮುಚ್ಚಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಾನು ಹೆಗ್ಗಣವನ್ನು ಆನೆ ಮಾಡಿ ಮೆರವಣಿಗೆ ಹೊರಡಿಸಿದವನು.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ಆಯುಧಪೂಜೆಯ ದಿನ ಮನೆಯವರಲ್ಲಿ ಯಾರ ಕೈಗೆ ಯಾವ ಕೆಲಸವೋ ಅವರ ಸಾಮಾನು ಅಂಗಳದ ಸಾಲಿನಲ್ಲಿ ಕೂತು ಕುಂಕುಮ ಇಡಿಸಿಕೊಳ್ಳಬೇಕು. ಊರಲ್ಲಿ ಇಲ್ಲದವರದ್ದೂ ಇರಲೇಬೇಕು, ಇಲ್ಲದಿದ್ದರೆ ಆ ಕೈ ಈ ಮನೆಯದಲ್ಲ ಎಂದ ಹಾಗೆ. ಇಷ್ಟು ದಿನ ನಿನ್ನ ಹೆಸರಲ್ಲಿ ನಿನ್ನ ಹಳೆಯ ಕುಡುಗೋಲನ್ನು ಇಡುತ್ತಿದ್ದೆವು. ಈ ವರ್ಷ ನನಗೆ ಅದು ಸಾಲದಾಯಿತು. ಟ್ಯಾಂಕಿನವನಿಗೆ ಕುಡುಗೋಲೇ? ಟ್ಯಾಂಕನ್ನೇ ಇಡುತ್ತೇನೆ ಎಂದು ಕಟ್ಟೆಯ ಮೇಲೆ ಸಾರಿಬಿಟ್ಟೆ. ಸಾರಿದ ಮೇಲೆ ಮಾಡಲೇಬೇಕಲ್ಲ. ಸ್ಕೂಲು ಮೇಷ್ಟರು ಯುದ್ಧದ ಸುದ್ದಿ ಬರುವ ಹಾಳೆಯಿಂದ ಒಂದು ಚಿತ್ರ ಹರಿದು ಕೊಟ್ಟರು. ಅದರಲ್ಲಿ ಟ್ಯಾಂಕಿನ ಪಕ್ಕ ಒಬ್ಬ ಸಿಪಾಯಿ ನಿಂತಿದ್ದ. ಅವನನ್ನೇ ಅಳತೆಗೋಲು ಮಾಡಿಕೊಂಡೆ. ಅವನ ಉದ್ದಕ್ಕೆ ಒಂದು ಪೊರಕೆಕಡ್ಡಿ ಮುರಿದು, ಟ್ಯಾಂಕು ಎಷ್ಟು ಸಿಪಾಯಿ ಉದ್ದ, ಎಷ್ಟು ಸಿಪಾಯಿ ಎತ್ತರ ಎಂದು ಹಿಡಿದು ನೋಡಿದೆ. ನನ್ನ ಟ್ಯಾಂಕಿಗೆ ಸಿಪಾಯಿ ಅಂದರೆ ನನ್ನ ನಡುಬೆರಳು. ಹಾಗೆ ಅಳೆದರೆ ಇಡೀ ಟ್ಯಾಂಕು ಗೇಣಿಗಿಂತ ಸ್ವಲ್ಪ ಜಾಸ್ತಿ ಬಂತು.

ಮುರಿದುಬಿದ್ದಿದ್ದ ಗಾಡಿಯ ಮೂಕಿಮರವನ್ನು ಕಡಿದು ಮೈ ಮಾಡಿದೆ, ಒಳಗೆಲ್ಲ ಉಳಿಯಿಂದ ಕೊರೆದು ಪೊಳ್ಳು ಮಾಡಿದೆ. ಮೇಲೆ ಕೂರುವ ಗೋಪುರ ಒಂದು ಮೊಳೆಯ ಮೇಲೆ ನಿಂತು ಸುತ್ತಲೂ ತಿರುಗುತ್ತದೆ, ಅದಕ್ಕೊಂದು ಮುಚ್ಚಳವೂ ಇದೆ, ಎರಡು ಬೆರಳು ಒಳಗೆ ಹೋಗುತ್ತವೆ. ಫಿರಂಗಿ ನಿನ್ನ ತಾತನ ಕೊಡೆಯ ಕಡ್ಡಿಯದು. ಗಾಲಿಗಳ ಸುತ್ತಲಿನ ಪಟ್ಟಿಗೆ ನಿನ್ನ ಹಳೆಯ ಎಕ್ಕಡದ ಬಾರು ಸೀಳಿ, ಸೀಮೆಎಣ್ಣೆ ಡಬ್ಬದ ತಗಡಿನ ಚೂರುಗಳನ್ನು ಒತ್ತೊತ್ತಾಗಿ ಬಡಿದೆ. ಗಾಡಿಗೆ ಬಳಿದು ಮಿಕ್ಕಿದ್ದ ಹಸಿರು ಬಣ್ಣ ಹಚ್ಚಿದೆ. ಪೂಜೆಗೆ ಕೂರುವ ವಸ್ತು ಥಳಥಳ ಅನ್ನಬೇಡವೇ? ಅದಕ್ಕೆ ಹರಳೆಣ್ಣೆ ಹಾಕಿ ತಿಕ್ಕಿದೆ, ನನ್ನ ಮೀಸೆ ಅದರಲ್ಲಿ ಕಾಣುವ ತನಕ ತಿಕ್ಕಿದೆ. ನಮ್ಮ ದಾಯಾದಿ ವೆಂಕಟರಾಯಪ್ಪ ಸಹ ಬಂದು ನೋಡಿ, ಹೊಟ್ಟೆಗೆ ಬೆಂಕಿ ಬಿದ್ದರೂ, "ಪರ್ವಾಗಿಲ್ಲ ಕಣಣ್ಣ" ಅಂದ. ಹಬ್ಬಕ್ಕೆ ಇನ್ನೂ ನಾಲ್ಕು ದಿನ ಇದ್ದರೂ ಜಗಲಿಯ ಮೇಲೆ ಮಣೆ ಹಾಕಿ ಅದನ್ನು ಕೂರಿಸಿದೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು ಗೋಪುರ ತಿರುಗಿಸಿ ಹೋಗುತ್ತಿದ್ದರು.

ಆಗಲೇ ನಮ್ಮ ತಾಲ್ಲೂಕಿನ ವಿಜಯಪುರದ ಬೈರಣ್ಣ ಬಂದದ್ದು, ನಿನ್ನ ಜೊತೆಗಿದ್ದವನು. ಕಾಲಿಗೆ ಗಾಯವಾಗಿ ರಜೆಯ ಮೇಲೆ ಬಂದಿದ್ದಾನಂತೆ. ನೀನು ಕಳಿಸಿದ ಉಣ್ಣೆ ಬನಿಯನ್ನೂ ಸೋಪನ್ನೂ ತಲುಪಿಸಿದ. ಒಳ್ಳೆಯ ಹುಡುಗ, ನಗುಮುಖ, ಮಾತಿನಲ್ಲಿ ಕಪಟವಿಲ್ಲ. ಜಗಲಿಯ ತುಂಬ ಜನ ಇದ್ದರು. ಎಲ್ಲರೆದುರು ಟ್ಯಾಂಕು ತೋರಿಸಿ, ಹೇಗಿದೆಯಪ್ಪಾ ಎಂದು ಕೇಳಿದೆ. ಅವನು ಕೂತು ನೋಡಿದ, ಗೋಪುರ ತಿರುಗಿಸಿದ, ಮೆಚ್ಚಿಕೊಂಡ. ಆಮೇಲೆ ನಗುತ್ತಾ, "ಇಷ್ಟು ಕಿಲೀನಾಗಿರೋ ಟ್ಯಾಂಕು ನಮ್ಮ ದಂಡಿನಾಗೆ ಒಂದೇ ಸಲ ಕಾಣೋದು ಅಣ್ಣೋ, ನಿಮ್ಮ ಮಗ ತೊಳೆದಿಟ್ಟ ಮ್ಯಾಲೆ" ಅಂದ. ಏನು ತೊಳೆಯುವುದು ಎಂದು ವೆಂಕಟರಾಯಪ್ಪ ಕೇಳಿದ. ಬೈರಣ್ಣ ನಿನ್ನನ್ನು ಹೊಗಳುತ್ತಿದ್ದೇನೆ ಎಂದುಕೊಂಡೇ ಎಲ್ಲವನ್ನೂ ಹೇಳಿದ. ಹೊಡೆತ ತಿಂದ ಟ್ಯಾಂಕುಗಳನ್ನು ರಿಪೇರಿಗೆ ಎಳೆದು ತರುತ್ತಾರಂತೆ. ಒಳಗಿದ್ದವರು ಒಳಗೇ ಸತ್ತಿರುತ್ತಾರಂತೆ. ಬಕೀಟು ಬ್ರಷ್ಷು ಹಿಡಿದು ಮೊದಲು ಒಳಗೆ ಇಳಿಯುವವನು ನೀನಂತೆ. "ಬ್ಯಾರೆಯವ್ರು ವಾಂತಿ ಮಾಡ್ಕೊಂಡು ಈಚೆಗೆ ಬಂದ್ಬಿಡ್ತಾರೆ. ಮುನಿವೆಂಕಟ ಮಾತ್ರ ಪೂರ್ತಿ ತೊಳ್ದೇ ಬರೋದು" ಅಂದ. ಆಮೇಲೆ ವೆಂಕಟರಾಯಪ್ಪ, "ಅಂದ್ರೆ ಓಡ್ಸೋ ಕೆಲ್ಸ ಅಲ್ಲ, ಹೆಣ ಬಳಿಯೋ ಕೆಲ್ಸ ಅನ್ನು" ಅಂದ. ಒಬ್ಬಿಬ್ಬರು ನಕ್ಕರು.

ಮಗಾ, ನನ್ನ ಮಾನ ನಡುಬೀದಿಯಲ್ಲಿ ಹರಾಜಾದ ಹಾಗಾಯಿತು. ಹೆಗಲ ಮೇಲಿನ ಟವಲು ತೆಗೆದು ಟ್ಯಾಂಕಿಗೆ ಮುಚ್ಚಿದೆ. ಆಗ ನನ್ನ ಬಾಯಿಂದ ಒಂದು ಮಾತು ಬಂತು. ಅದನ್ನು ಕೇಳಿ ಬೈರಣ್ಣನ ಮುಖದ ನಗು ಹೋಯಿತು. ಒಳಬಾಗಿಲಲ್ಲಿ ನಿಂತಿದ್ದ ನಿನ್ನ ಅವ್ವ ನನ್ನನ್ನು ನೋಡಿದ ನೋಟ ಹೇಗಿತ್ತೆಂದು ಬರೆಯಲಾರೆ. ಆ ಮಾತನ್ನು ಈಗಲೇ ಬರೆದರೆ ನೀನು ಮುಂದಿನದನ್ನು ಓದದೆ ಕಾಗದ ಹರಿದುಹಾಕುತ್ತೀಯೆ, ಆದ್ದರಿಂದ ಕೊನೆಗಿಟ್ಟಿದ್ದೇನೆ.

ಜನ ಚದುರಿದ ಮೇಲೆ ನಿನ್ನ ಅವ್ವ ಬೈರಣ್ಣನನ್ನು ಊಟಕ್ಕೆ ಕರೆದಳು, ನಾನು ಕರೆಯಲಿಲ್ಲ. ಹಿತ್ತಲಲ್ಲಿ ಕೈ ತೊಳೆಯುವಾಗ ಅವನಾಗಿಯೇ ಹೇಳಿದ: "ತಪ್ಪು ತಿಳ್ಕೋಬ್ಯಾಡಿ ಅಣ್ಣಾ. ಶ್ರಾವಣದಾಗೆ ಅವ್ನಿಗೂ ರಜಾ ಸಿಕ್ಕಿತ್ತು. ಊರ ಕಡೆಯೋರ ಬಾಯಲ್ಲಿ ನಿಮ್ಮ ಮಾತು ಕೇಳಿದ್ದ, ಬ್ಯಾರೆಯವ್ನಿಗೆ ಬಿಟ್ಟುಕೊಟ್ಟ. ‘ಊರಾಗೆ ನಮ್ಮಪ್ಪ ನನ್ನ ಕೈಲಿ ಟ್ಯಾಂಕು ಓಡುಸ್ತಾವ್ನೆ, ಯಾವ ಮುಖ ಇಟ್ಕೊಂಡು ಹೋಗ್ಲಿ’ ಅಂದ." ನೀನು ನಮಗೆ, ರಜೆ ಸಿಗಲಿಲ್ಲ ಎಂದು ಬರೆದಿದ್ದೆ. ನಾನು ನಿಮ್ಮ ಸಾಹೇಬರನ್ನು ಬಾಯಿಗೆ ಬಂದ ಹಾಗೆ ಬೈದಿದ್ದೆ. ನಿನ್ನನ್ನು ಮನೆಯ ಬಾಗಿಲಿಂದ ಆಚೆ ನಿಲ್ಲಿಸಿದ್ದವನು ಸಾಹೇಬನಲ್ಲ, ನಾನು. ಇದು ಗೊತ್ತಾದಾಗ ತಂಬಿಗೆಯ ನೀರು ಕೈಯಲ್ಲೇ ಉಳಿಯಿತು. ಜಗಲಿಯ ಮೇಲೆ ಆದದ್ದು ಜನರ ಮುಂದಿನ ನಾಚಿಕೆ, ಇದು ಬೇರೆ ನಾಚಿಕೆ. ಇದಕ್ಕೆ ಟವಲು ಮುಚ್ಚುವುದಕ್ಕಾಗುವುದಿಲ್ಲ.

ಟ್ಯಾಂಕನ್ನು ಹಿತ್ತಲಿಗೆ ತಂದು ಬೈರಣ್ಣನ ಮುಂದಿಟ್ಟೆ. ನನ್ನ ಮಗನ ಕೈಗೆ ಬರುವಾಗ ಇದು ಹೇಗಿರುತ್ತದೋ ಹಾಗೆ ಮಾಡಬೇಕು, ಹೇಳಪ್ಪಾ ಅಂದೆ. ಅವನು ಬೇಡ ಬೇಡ ಅಂದ, ನಾನು ಬಿಡಲಿಲ್ಲ, ರಾತ್ರಿ ನಮ್ಮಲ್ಲೇ ಉಳಿಸಿಕೊಂಡೆ. ಮೊದಲು ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿ ಎಣ್ಣೆಯ ಹೊಳಪು ಹೋಗಿಸಿದೆ. ತಗಡಿನ ಚೂರುಗಳಿಗೆ ಉಪ್ಪುನೀರು ಸವರಿ ಬಿಸಿಲಿಗಿಟ್ಟೆ, ಮಾರನೆಯ ದಿನಕ್ಕೆ ತುಕ್ಕು ಬಂತು. ಕೆರೆಯ ಕೆಸರನ್ನು ಪಟ್ಟಿಗೆ ಮೆತ್ತಿದೆ. ಕೆಸರು ಕೆಳಗೆ ದಪ್ಪಗೆ, ಮೇಲೆ ಹೋದಂತೆ ತೆಳ್ಳಗಿರಬೇಕು ಅಂದ, ಹಾಗೇ ಮಾಡಿದೆ. ನಡುವಿನ ಭಾಗಕ್ಕೆ ಕೆಮ್ಮಣ್ಣಿನ ಧೂಳನ್ನು ಬಟ್ಟೆಯಲ್ಲಿ ಕಟ್ಟಿ ಉದುರಿಸಿದೆ. ಸಿಪಾಯಿಗಳು ಹತ್ತಿ ಇಳಿಯುವ ಕಡೆ ಬೂಟಿಗೆ ಬಣ್ಣ ಸವೆದಿರುತ್ತದಂತೆ, ಅಲ್ಲಿ ಕಲ್ಲಿನಿಂದ ಉಜ್ಜಿದೆ. ಗುಂಡು ಹೊಕ್ಕ ಜಾಗದಲ್ಲಿ ಕಾದ ಮೊಳೆಯಿಂದ ಸುಟ್ಟು ತೂತು ಮಾಡಿ ಸುತ್ತಲೂ ದೀಪದ ಕಾಡಿಗೆ ಹಚ್ಚಿದೆ. ಥಳಥಳ ಅನ್ನುತ್ತಿದ್ದಾಗ ಅದು ಮಕ್ಕಳಾಟದ ಸಾಮಾನು, ಈಗ ಅದನ್ನು ನೋಡಿದರೆ ಭಯವಾಗುತ್ತಿತ್ತು. ಇಷ್ಟು ಸಾಕು ಅಣ್ಣಾ ಅಂದ ಬೈರಣ್ಣ. ಒಳಗೆ ಇನ್ನೂ ಮಾಡಿಲ್ಲವಲ್ಲ ಅಂದೆ. ಅವನು ಎದ್ದು ಆ ಕಡೆ ಹೋದ. ಅರಿಶಿನಕ್ಕೆ ಸುಣ್ಣ ಕಲಸಿ ಬಟ್ಟಲಲ್ಲಿ ಕೆಂಪು ನೀರು ಮಾಡಿಕೊಂಡೆ, ಮುಚ್ಚಳ ತೆಗೆದೆ, ಬಟ್ಟಲು ಎತ್ತಿದೆ. ನನ್ನ ಕೈಲಾಗಲಿಲ್ಲ, ಮಗಾ. ನೀನು ನಿಜವಾದ ಟ್ಯಾಂಕಿನ ಒಳಗಿಂದ ಕೈಯಾರೆ ತೆಗೆಯುವುದನ್ನು ನಾನು ಮರದ ಗೊಂಬೆಯೊಳಗೆ ಹುಯ್ಯಲಾರದೆ ಹೋದೆ. ಆ ನೀರನ್ನು ಚಕ್ಕೋತದ ಬುಡಕ್ಕೆ ಚೆಲ್ಲಿ ಅಲ್ಲೇ ಕೂತು ಅತ್ತೆ.

ಆಯುಧಪೂಜೆಯ ಬೆಳಿಗ್ಗೆ ನಿನ್ನ ಅವ್ವ, "ಕೆಸರು ಸಮೇತ ಪೂಜೆಗೆ ಇಡೋಕಾಯ್ತದಾ?" ಅಂದಳು. ಅವಳು ಅಂದದ್ದು ಸರಿ, ತೊಳೆಯದ ಸಾಮಾನಿಗೆ ಕುಂಕುಮವಿಲ್ಲ. ನೇಗಿಲು, ಗುದ್ದಲಿ, ಒನಕೆ ಎಲ್ಲವೂ ತೊಳೆಸಿಕೊಂಡು ಸಾಲಾಗಿ ಕೂತಿದ್ದವು. ನಾನು ಬಕೀಟು ನೀರು, ತೆಂಗಿನ ನಾರು ತೆಗೆದುಕೊಂಡು ಅಂಗಳದ ನಡುವೆ ಕೂತೆ. ಕಾಯಿ ಒಡೆಯಲು ದಾಯಾದಿಗಳೆಲ್ಲ ಬಂದಾಗಿತ್ತು. ಅವರೆಲ್ಲ ನೋಡುತ್ತಿರುವಾಗಲೇ ಟ್ಯಾಂಕು ತೊಳೆದೆ. ಕೆಸರು ಮೆತ್ತಲು ಗಳಿಗೆ ಸಾಕು, ಬಿಡಿಸಲು ಬೆನ್ನು ಮುರಿಯಿತು. ಪೂಜೆ ಹೊತ್ತು ಮೀರುತ್ತದೆ ಎಂದು ಗೊಣಗಿದರು, ಗೊಣಗಲಿ ಎಂದು ಬಿಟ್ಟೆ. ತೊಳೆದ ಟ್ಯಾಂಕನ್ನು ಒಳಗೆ ಗೂಡಿನಲ್ಲಿಟ್ಟೆ. ನೇಗಿಲಿನ ಪಕ್ಕ, ನಿನ್ನ ಜಾಗದಲ್ಲಿ, ಆ ಬಕೀಟನ್ನೂ ನಾರನ್ನೂ ಇಟ್ಟೆ. ವೆಂಕಟರಾಯಪ್ಪ, "ಟ್ಯಾಂಕೆಲ್ಲಿ ಅಣ್ಣೋ?" ಅಂದ. "ಟ್ಯಾಂಕು ಸರ್ಕಾರದ್ದು ಕಣೋ. ನನ್ನ ಮಗನ ಆಯುಧ ಇದು" ಅಂದೆ. ನಗುವವರು ನಕ್ಕರು. ವೆಂಕಟರಾಯಪ್ಪ ಪ್ರಸಾದದ ಪುರಿ ಟವಲಿಗೆ ಹಾಕಿಸಿಕೊಂಡು ಹೋದ. ನಿನ್ನ ಅವ್ವ ತನ್ನ ಮುಡಿಯ ಸೇವಂತಿಗೆ ತೆಗೆದು ಬಕೀಟಿನ ಹಿಡಿಗೆ ಸಿಕ್ಕಿಸಿದಳು. ಬೂದುಗುಂಬಳ ಒಡೆದದ್ದು ಈ ಸಲ ಅದರ ಮುಂದೆ.

ನಿನ್ನ ಅವ್ವ ಅಮ್ಮಯಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ಬೈರಣ್ಣನ ಕೈಯಲ್ಲಿ ಹುರಿಹಿಟ್ಟು ಕಳಿಸುತ್ತಾಳಂತೆ, ಜೊತೆಯವರಿಗೂ ಕೊಟ್ಟು ತಿನ್ನು. ತಿಮ್ಮರಾಯಸ್ವಾಮಿ ನಿನ್ನ ಕೈಗಳನ್ನು ಕಾಯಲಿ. ಕೆಲಸ ಮುಗಿದ ಮೇಲೆ ಬಿಸಿನೀರಿನಲ್ಲಿ ಕೈ ತೊಳೆದುಕೊಳ್ಳುತ್ತೀಯೋ ಇಲ್ಲವೋ, ಬರೆ.

ಇಂತಿ ನಿನ್ನ ಅಪ್ಪ,
ಅಪ್ಪಯ್ಯಣ್ಣ

ಮರೆತು ಬಿಟ್ಟದ್ದಲ್ಲ, ಕೈ ಬಾರದೆ ಬಿಟ್ಟದ್ದು. ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅವತ್ತು ಜಗಲಿಯಲ್ಲಿ ನಾನು ಬೈರಣ್ಣನಿಗೆ ಅಂದದ್ದು ಇದು: "ನೀನು ಹೇಳ್ತಿರೋನು ನನ್ನ ಮಗ ಅಲ್ಲ. ಈ ಸೀಮೇಲಿ ಮುನಿವೆಂಕಟಪ್ಪ ಅನ್ನೋರು ಮನೆಗೊಬ್ರು ಅವ್ರೆ." ಬೈರಣ್ಣ ನಿನಗೆ ಹೇಳಲಾರ, ಹೇಳಬಾರದೆಂದೇ ಒಳ್ಳೆಯ ಹುಡುಗ ಸುಮ್ಮನಿರುತ್ತಾನೆ. ಆದರೆ ನೀನು ಊರಿಗೆ ಬಂದ ದಿನ ಯಾರಾದರೂ ಹೇಳಿಯೇ ಹೇಳುತ್ತಾರೆ, ಅದಕ್ಕೆ ಮುಂಚೆ ನನ್ನಿಂದಲೇ ಕೇಳು. ಮಾತು ಆಡಿದರೆ ಹೋಯಿತು, ನನ್ನದು ಹೋಗಿದೆ. ಬೈಯಬೇಕಾದರೆ ಕಾಗದದಲ್ಲಿ ಬೈಯಬೇಡ, ಸರ್ಕಾರದವರು ಓದುತ್ತಾರೆ. ರಜೆ ಹಾಕಿ ಬಂದು, ಜಗಲಿಯ ಮೇಲೆ ಎಲ್ಲರೆದುರು ಬೈಯಿ. ಟ್ಯಾಂಕಿನ ಪಟ್ಟಿಯ ಸಂದಿಯಲ್ಲಿ ಇನ್ನೂ ಕೆಸರು ಉಳಿದಿದೆ. ನಾನು ಎಷ್ಟು ತಿಕ್ಕಿದರೂ ಬರಲಿಲ್ಲ, ಹೇಗೆ ತೆಗೆಯುವುದೆಂದು ಬಂದು ತೋರಿಸು.