ದೊನ್ ಕೇಳಿಸದವರು

ಶಿಗೆನೊ ಅವರಿಗೆ,

ಬೀಗಿತ್ತಿ ಅಂತ ಬರೆದು ಹೊಡೆದುಹಾಕಿದೆ. ಮಾತುಕತೆ ಇನ್ನೂ ಮುಗಿದಿಲ್ಲ, ಈಗಲೇ ಹಾಗೆ ಕರೆದು ನನ್ನ ಕಣ್ಣೇ ತಾಗಿಬಿಟ್ಟರೆ ಅಂತ ಭಯ. ಈ ಕಾಗದವನ್ನು ಎಣ್ಣೆಕಾಗದದಲ್ಲಿ ಸುತ್ತಿ ನಿಮಗೆ ಕಳಿಸುವ ಉಪ್ಪಿನಕಾಯಿ ಡಬ್ಬಿಯ ತಳದಲ್ಲಿ ಇಟ್ಟಿದ್ದೇನೆ. ನಿಮ್ಮ ಯಜಮಾನರಿಗೆ ಸೊಪ್ಪಿನ ಉಪ್ಪಿನಕಾಯಿ ವಾಸನೆ ಆಗಿಬರೋದಿಲ್ಲ ಅಂತ ಅವತ್ತು ಹೇಳಿದಿರಲ್ಲ, ಅದೇ ಧೈರ್ಯ. ಆದರೂ ಅವರೇ ಡಬ್ಬಿ ಬಿಚ್ಚಿದರೆ? ಬಿಚ್ಚಲಾರರು. ಓದಿದ ಮೇಲೆ ಸ್ನಾನದ ಒಲೆಗೆ ಹಾಕಿಬಿಡಿ. ಪೂರ್ತಿ ಉರಿಯಿತಾ ಅಂತ ನಿಂತು ನೋಡಿ.

ಯುದ್ಧದ ಕಾಲದಲ್ಲಿ ನನ್ನನ್ನು ಶಾಲೆ ಬಿಡಿಸಿ ಸೂಜಿ ಕಾರ್ಖಾನೆಗೆ ಹಾಕಿದ್ದರು. ಕಷ್ಟದ ಅಕ್ಷರಗಳು ಕೈಗೆ ಬರೋದಿಲ್ಲ. ತಪ್ಪಿದ್ದರೆ ಅಂದಾಜಿನ ಮೇಲೆ ಓದಿಕೊಳ್ಳಿ.

ನನ್ನ ಮಗಳು ಸುಮಿಯೆಯನ್ನು ನೋಡಲು ನೀವು ಬಂದ ದಿನದ ವಿಷಯ ಇದು. ಊಟ ಮುಗಿದ ಮೇಲೆ ಮದುವೆ ಕುದುರಿಸುವ ಮೊರಿವಾಕಿ ಅಮ್ಮ ಫೋಟೊ ತೆಗೆಯುವವನನ್ನು ಒಳಗೆ ಕರೆದರಲ್ಲ. "ಹುಡುಗಿ ಸ್ವಲ್ಪ ನಗಲಿ, ಹುಡುಗ ಸ್ವಲ್ಪ ಕಡಿಮೆ ನಗಲಿ. ಹಸಿದವನ ಹಾಗೆ ಕಾಣ್ತಾನೆ!" ಅಂತ ಅವರು ತಮಾಷೆ ಮಾಡುತ್ತಿದ್ದಾಗಲೇ ಫಳ್ ಅಂತ ಬೆಳಕು ಹೊಡೆಯಿತು. ನೀವು ಕೈಯಲ್ಲಿದ್ದ ಚಹಾ ಬಟ್ಟಲು ಚೆಲ್ಲಿಕೊಂಡಿರಿ. "ಅಬ್ಬಾ, ಪಿಕಾ!" ಅಂದಿರಿ.

ನಿಮ್ಮ ಯಜಮಾನರು ನಕ್ಕರು. "ಪಿಕಾದೊನ್ ಅನ್ನೇ ಮಾರಾಯ್ತಿ! ಅರ್ಧ ನುಂಗ್ತೀಯಲ್ಲ, ಊಟ ಸಾಲಲಿಲ್ವಾ?"

ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನಾನೂ ನಕ್ಕು, "ಹೌದು ಹೌದು, ಪಿಕಾದೊನ್" ಅಂದೆ. ಆಗ ನೀವು ನನ್ನ ಮುಖ ನೋಡಿದಿರಿ.

ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಊಟಕ್ಕೆ ಮುಂಚೆ ನೀವೇ ಹೇಳಿದ್ದಿರಿ, ಅಣುಬಾಂಬು ಬಿದ್ದ ಆ ಬೆಳಿಗ್ಗೆ ದೂರದ ಕುರೆ ಬಂದರಿನಲ್ಲಿದ್ದೆ, ಮೋಡ ಮಾತ್ರ ಕಂಡಿತು ಅಂತ. ಕುರೆಯಲ್ಲಿದ್ದವರು ದೊನ್ ಬಿಟ್ಟು ಮಾತಾಡುವುದಿಲ್ಲ. ಅವರಿಗೆ ಪಿಕಾ ಅಂತ ಬೆಳಕು ಕಂಡು, ಆಮೇಲೆ ದೊನ್ ಅಂತ ಸದ್ದು ಕೇಳಿಸಿತು. ಬಾಂಬು ಬಿದ್ದ ಊರೊಳಗಿದ್ದವರಿಗೆ ಆ ದೊನ್ ಎಲ್ಲಿತ್ತು? ನಮಗೆ ಬೆಳಕೊಂದೇ. ಅದಕ್ಕೇ ನಾವು ಪಿಕಾ ಅನ್ನುತ್ತೇವೆ.

ನಾನು ದೂರದ ಕಾಬೆ ಹಳ್ಳಿಯಲ್ಲಿದ್ದೆ ಅಂತ ನಿಮಗೆ ಹೇಳಿದ್ದು ಸುಳ್ಳು. ಊರೊಳಗಿನ ಯೊಕೊಗಾವದಲ್ಲಿ, ಕಾರ್ಖಾನೆಯ ಬಾಗಿಲಲ್ಲಿ, ತಂಗಿ ಚಿಯೊಮಿಯ ತಲೆಗೆ ಬಟ್ಟೆ ಕಟ್ಟುತ್ತಿದ್ದೆ. ಬೆಳಕು. ಕಣ್ಣುಬಿಟ್ಟರೆ ಮಣ್ಣಿನ ಕತ್ತಲು. ಅದು ಕರಗಿದಾಗ ನಮ್ಮ ಬೀದಿಯಿಂದ ಸಮುದ್ರದ ಕಡೆಯ ಗುಡ್ಡ ಕಂಡಿತು. ಹುಟ್ಟಿದಾಗಿನಿಂದ ಅಲ್ಲಿಂದ ಗುಡ್ಡ ಕಂಡಿರಲೇ ಇಲ್ಲ, ನಡುವೆ ಊರಿತ್ತು. ಜನ ಕೈಗಳನ್ನು ಮುಂದೆ ಚಾಚಿಕೊಂಡು ಬರುತ್ತಿದ್ದರು, ತೋಳಿನ ಚರ್ಮ ಉಗುರಿನ ತುದಿಗೆ ಜೋತಿತ್ತು. ಯಾರೂ ಕೂಗುತ್ತಿರಲಿಲ್ಲ. ನದಿ ತುಂಬಾ ಮನುಷ್ಯರು, ನೀರೇ ಕಾಣಿಸದಷ್ಟು. ನಿಮಗೆ ಇದನ್ನೆಲ್ಲ ಹೇಳಬೇಕೇ? ನೀವು ಯಾವ ನದಿಯ ದಡದಲ್ಲಿದ್ದಿರೋ.

ಚಿಯೊಮಿಗೆ ಒಂದು ತರಚು ಗಾಯವೂ ಆಗಿರಲಿಲ್ಲ. ಅಣ್ಣ ಬಂದು ನಮ್ಮಿಬ್ಬರನ್ನೂ ಕಾಬೆಗೆ ಕರೆದೊಯ್ದ. ಅವಳು ನಗುತ್ತಾ ಗೆಣಸು ತಿಂದಳು, ಗದ್ದೆಯಲ್ಲಿ ಕಳೆ ಕಿತ್ತಳು. ತಿಂಗಳ ಕೊನೆಗೆ ಬಾಚಣಿಗೆ ಎಳೆದರೆ ಕೂದಲು ಹಿಡಿ ಹಿಡಿಯಾಗಿ ಬಂತು. ಮೈಮೇಲೆ ನೇರಳೆ ಚುಕ್ಕೆ. ವಸಡಿನಿಂದ ರಕ್ತ. "ಅಕ್ಕಾ, ನನಗೆ ಏನೂ ಆಗಿಲ್ಲ ಅಲ್ವಾ?" ಅಂತ ಕೇಳುತ್ತಲೇ ಹೋದಳು. ನಾನು ಯಾಕೆ ಉಳಿದೆ ಅಂತ ಯಾವ ವೈದ್ಯರೂ ಹೇಳಲಿಲ್ಲ.

ಅವಳನ್ನು ಸುಟ್ಟು ಬಂದ ರಾತ್ರಿಯೇ ಅಣ್ಣ ಅಂದ, "ಇನ್ಮೇಲೆ ಯಾರು ಕೇಳಿದ್ರೂ, ನೀನು ಅವತ್ತು ಇಲ್ಲೇ ಇದ್ದೆ. ಪಿಕಾ ಅಂದ್ರೆ ನಿನ್ನನ್ನ ಯಾರೂ ಕಟ್ಕೊಳ್ಳಲ್ಲ. ದೊನ್ ಸೇರಿಸು." ನನ್ನ ಗಂಡ ತೀರಿಹೋಗುವ ತನಕ ಅವರೆದುರೂ ಸೇರಿಸಿದೆ, ಆಮೇಲೂ ಬಿಡಲಿಲ್ಲ.

ಸುಮಿಯೆಗೆ ಚಿಕ್ಕಂದಿನಲ್ಲಿ ಮೂಗಿನಿಂದ ರಕ್ತ ಬಂದಾಗಲೆಲ್ಲ ಅವಳ ಬಾಚಣಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಒಂದು ಕಡೆಯಿಂದ ಬಂದ ವಿಷಕ್ಕೇ ಇಷ್ಟು ಹೆದರಿದವಳು ನಾನು. ಈಗ ಎರಡೂ ಕಡೆಯಿಂದ ಬಂದರೆ ಹುಟ್ಟುವ ಕೂಸಿನ ಗತಿಯೇನು? ಸಂಬಂಧ ಬೇಡ ಅಂತ ಮೊರಿವಾಕಿ ಅಮ್ಮನಿಗೆ ಹೇಳಲು ಚಪ್ಪಲಿ ಮೆಟ್ಟಿದ್ದೆ. ಹೊಸ್ತಿಲಲ್ಲಿ ಸುಮಿಯೆ ಅಡ್ಡ ನಿಂತಳು. ನಿಮ್ಮ ವಿಷಯ ಬಾಯಿ ಬಿಡಲಿಲ್ಲ, ನಂಬಿ. ನನ್ನದು ಮಾತ್ರ ಹೇಳಿದೆ.

ಅವಳು ಅಳಲಿಲ್ಲ. "ಗೊತ್ತಮ್ಮಾ" ಅಂದಳು. "ನೀನು ಯಾವಾಗಲೂ ಪಿಕಾ ಅಂದು, ಉಸಿರು ತಗೊಂಡು, ಆಮೇಲೆ ದೊನ್ ಅಂತೀಯ. ಬೇರೆಯವರೆಲ್ಲ ಒಂದೇ ಉಸಿರಲ್ಲಿ ಅಂತಾರೆ."

ಇಷ್ಟು ವರ್ಷ ನಾನು ಮುಚ್ಚಿಟ್ಟದ್ದನ್ನು ನನ್ನ ಕೂಸು ಕೇಳಿಸಿಕೊಳ್ಳುತ್ತಲೇ ಬೆಳೆದಿದೆ.

ಬರುವ ಭಾನುವಾರ ಅವಳು ನಿಮ್ಮ ಮಗ ಕುನಿಹಿಕೊಗೆ ಎಲ್ಲ ಹೇಳುತ್ತಾಳೆ. ಹೇಳದೆ ಕಟ್ಟಿಕೊಳ್ಳುವುದಿಲ್ಲವಂತೆ. ಅವನು ನೇರ ನಿಮ್ಮ ಹತ್ತಿರ ಬಂದು, "ಅಮ್ಮಾ, ಅವಳ ತಾಯಿ ಅಲ್ಲಿದ್ದವರಂತೆ, ಏನು ಮಾಡಲಿ?" ಅಂತ ಕೇಳುತ್ತಾನೆ. ನಿಮ್ಮ ಯಜಮಾನರು ಪಕ್ಕದಲ್ಲೇ ಕೂತಿರಬಹುದು. ನಿಮ್ಮ ಗುಟ್ಟು ಹೇಳಿ ಅಂತ ನಾನು ಕೇಳುವುದಿಲ್ಲ. ಅದು ನಿಮ್ಮದು. ಆದರೆ ಆ ಗಳಿಗೆಯಲ್ಲಿ ಗುಟ್ಟು ಕಾಪಾಡಿಕೊಳ್ಳಲು ನನ್ನ ಮಗಳನ್ನು ಬೇಡ ಅನ್ನಬೇಡಿ. ಕಟ್ಟಿಕೋ ಅನ್ನಿ. ಅಷ್ಟು ಸಾಕು.

ನಾನು ತಪ್ಪು ತಿಳಿದಿದ್ದರೆ, ನೀವು ನಿಜವಾಗಿ ಕುರೆಯಲ್ಲೇ ಇದ್ದಿದ್ದರೆ, ಈ ಹುಚ್ಚಿಯ ಕಾಗದ ಸುಟ್ಟುಹಾಕಿ. ಆದರೆ ನೀವು ಮುಖ ನೋಡಿದಿರಲ್ಲ.

ನನಗೊಂದು ಆಸೆ ಇದೆ. ಮುಂದೆ ಮೊಮ್ಮಗುವಿನ ಮೈ ಬಿಸಿಯಾದಾಗ, ಮೂಗಿನಲ್ಲಿ ರಕ್ತ ಬಂದಾಗ, ಎಲ್ಲರೂ ನನಗೆ "ಸುಮ್ಮನೆ ಹೆದರ್ತೀಯ" ಅನ್ನುತ್ತಾರೆ. ಹಾಗನ್ನದ ಒಬ್ಬರು ಬೇಕು. ಫೋನು ಮಾಡಿ, ಇಬ್ಬರೂ ಏನೂ ಮಾತಾಡದೆ, ಹೆದರಿಕೊಂಡು ಕೂತಿದ್ದರಾಯಿತು.

ಹುಟ್ಟುವ ಕೂಸಿಗೆ ಬೆಳಕು ಬರೀ ಬೆಳಕಾಗಿರಲಿ. ನಿಮ್ಮ ಮನೆ ತಣ್ಣಗಿರಲಿ.

ದೊನ್ ಕೇಳಿಸದ ನಿಮ್ಮ ಬೀಗಿತ್ತಿ (ಈ ಸಲ ಹೊಡೆದುಹಾಕುವುದಿಲ್ಲ),
ಇತ್ಸುಯೊ