ಸಾರಿಗೆ ಬಿದ್ದ ಹೂಗಡ್ಡೆ

ಸೊದಾಂಕೂಲ, ಡಿಸೆಂಬರ್ ೪

ಹೆಲ್ಮಿ ಅಕ್ಕನಿಗೆ,

ಸೂರ್ಯ ಸರಿಯಾಗಿ ಮೇಲೇರದ ಈ ಕತ್ತಲ ತಿಂಗಳಲ್ಲಿ ಕಿಟಕಿಯ ಬಳಿ ಕೆಂಪಗೆ ಅರಳಲೆಂದು ನೀನು ಮದುವೆಗೆ ಕೊಟ್ಟ ಅಮರಿಲ್ಲಿಸ್ ಗಡ್ಡೆಯನ್ನು ಅತ್ತೆ ಈರುಳ್ಳಿಯೆಂದುಕೊಂಡು ಹೆಚ್ಚಿ ಮೀನಿನ ಸಾರಿಗೆ ಹಾಕಿಬಿಟ್ಟರು! ಅದು ವಿಷವಂತೆ. ಬಡಿಸಿದವಳು ನಾನೇ. ಅತ್ತೆಯೂ ನಾನೂ ಊಟಕ್ಕೆ ಕೂರುವ ಮೊದಲೇ ಮಾವ ಎರಡು ಬಟ್ಟಲು ಖಾಲಿ ಮಾಡಿ, ವಾಂತಿಯಾಗಿ ನೆಲಕ್ಕೆ ಕುಸಿದರು. ಹಿಮದಲ್ಲಿ ಎರಡು ಗಂಟೆ ಕಾರು ಓಡಿಸಿ ಆಸ್ಪತ್ರೆ ಸೇರಿದೆವು. ಈಗ ಗಂಜಿ ಕುಡಿಯುತ್ತಿದ್ದಾರೆ, ನಾಳೆ ಮನೆಗೆ ಬಿಡುತ್ತಾರೆ. ನೀನು ಗಾಬರಿಯಾಗಬೇಡ.

"ಅಷ್ಟು ಕಹಿ ಹೇಗೆ ಕುಡಿದ್ರಿ ಮಾವ?" ಎಂದೆ.

"ನೀನು ಮಾಡಿದ್ದು ಅಂದ್ಕೊಂಡೆ ಕಣಮ್ಮಾ. ಹೊಸ ಸೊಸೆ, ಬೇಜಾರು ಮಾಡ್ಕೋತೀಯ ಅಂತ ಇನ್ನೊಂದು ಬಟ್ಟಲೂ ಹಾಕಿಸ್ಕೊಂಡೆ."

ಟಪಾಲು ಗಾಡಿ ಬಂತು.

ನಿನ್ನ ತಂಗಿ,
ಸೈಮಿ