ಮೋರಾಗ್‌ಳ ಕನ್ನಡ

ತುರುವೇಕೆರೆ
೧೬ ನವೆಂಬರ್ ೨೦೨೫, ಭಾನುವಾರ
ಮಧ್ಯಾಹ್ನ. ಅವ್ವ ಉಂಡು ಮಲಗಿದ್ದಾಳೆ. ತೋಟದಲ್ಲಿ ಇವತ್ತು ಕೆಲಸವಿಲ್ಲ.

ಪ್ರಿಯ ನಿರ್ಮಲಾ,

ಆರು ವರ್ಷದ ನಂತರ ಬರೆಯುತ್ತಿದ್ದೇನೆ. ಡಬ್ಬಿಂಗ್ ಕೆಲಸಕ್ಕೆಂದು ನೀನು ಬೆಂಗಳೂರಿಗೆ ಹೋದೆ, ನಾನು ತೋಟ ಬಿಟ್ಟು ಬರಲಿಲ್ಲ. ಯಾರು ಸರಿ ಎಂದು ಈ ಪತ್ರ ಕೇಳುವುದಿಲ್ಲ.

ನಿನ್ನೆ ನೀನು ಅವ್ವನಿಗೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ಹೊಸ ಧಾರಾವಾಹಿಯ ಎರಡು ಕಂತು ಬಂದ ಮೇಲೆ ಸ್ಟುಡಿಯೊದವರು ಹಳ್ಳಿ ಮಾತು ಬೇಡ, ಶಿಷ್ಟ ಕನ್ನಡದಲ್ಲಿ ಮತ್ತೆ ಹೇಳು ಎನ್ನುತ್ತಿದ್ದಾರಂತೆ. ಇಲ್ಲದಿದ್ದರೆ ಅದರ ನಾಯಕಿ ಮೋರಾಗ್ ಕಿನ್‌ಲಾಕ್‌ಗೆ ಬೇರೆ ಧ್ವನಿ ಹುಡುಕುತ್ತಾರಂತೆ. ಬುಧವಾರ ಒಪ್ಪಿಬಿಡುತ್ತೇನೆ ಎಂದೆ ನೀನು. ಒಪ್ಪಬೇಡ.

ಆ ಪಾತ್ರ ಮಾಡುವ ಸ್ಕಾಟ್ಲೆಂಡಿನ ನಟಿಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇನೆ. ಮೀನುಗಾರರ ಊರಿನವಳು. ಚಿಕ್ಕವಯಸ್ಸಿನಲ್ಲಿ ಲಂಡನ್ನಿಗೆ ಹೋದಾಗ, ನಿನ್ನ ಮಾತು ಟಿವಿಗೆ ಆಗುವುದಿಲ್ಲ ಎಂದರಂತೆ. ಅವಳು ತಿದ್ದಿಕೊಳ್ಳಲಿಲ್ಲ. ಅದಕ್ಕೆ ಸಿಕ್ಕಿದ್ದೆಲ್ಲ ಸಣ್ಣ ಪಾತ್ರ: ನರ್ಸ್, ಪಕ್ಕದ ಮನೆಯವಳು, ಬಾಗಿಲು ತೆಗೆದು ಒಂದು ಮಾತು ಹೇಳಿ ಮರೆಯಾಗುವವಳು. ನಲವತ್ತು ದಾಟಿದ ಮೇಲೆ ಒಂದು ಧಾರಾವಾಹಿಯಲ್ಲಿ ಪೊಲೀಸ್ ಅಧಿಕಾರಿಯಾದಳು. ಈಗ ಅರವತ್ತರ ಮೇಲೆ, ಮೊದಲ ಬಾರಿಗೆ ಇಡೀ ಕಥೆ ಅವಳದು. ಕುರಿ ಸಾಕುವ ವಿಧವೆ.

ಅವಳಿಗೆ ಕನ್ನಡದಲ್ಲಿ ಮಾತಾಡುವವಳು ನೀನೇ ಎಂದು ಅವ್ವನಿಗೆ ಹೇಳಿ ಸೋತಿದ್ದೆ. ಹಿಂದೆ ಪೊಲೀಸ್ ಅಧಿಕಾರಿಗೆ ನೀನು ಆಡಿದ ಆ ಗ್ರಂಥದ ಕನ್ನಡ ನಿನ್ನದೆಂದು ಅವ್ವ ನಂಬಿರಲಿಲ್ಲ. ಈ ಸಲ ಮೋರಾಗ್ ಬೇಲಿ ಹಾರಿದ ಟಗರಿಗೆ, "ಇತ್ತಗ್ ಬಾರ್ಲಾ ಮೂದೇವಿ! ನಿಮ್ಮಪ್ಪನ್ ಮನೆ ಹೊಲ ಅಂದ್ಕಂಡಿದ್ದೀಯಾ?" ಎಂದು ಗದರಿದಳು. ಅವ್ವ ಎಲೆಅಡಿಕೆ ತಟ್ಟೆ ಕೆಳಗಿಟ್ಟಳು.

"ಲೇ ಸೂರ್ಯ, ನಮ್ ನಿರ್ಮಲ ಕಣ್ಲಾ! ಈ ಬಿಳಿ ಹೆಂಗ್ಸಿನ ಬಾಯಾಗೆ ಯಾವಾಗ ಹೊಕ್ಕಂಡ್ಳು?"

ಪಕ್ಕದ ಮನೆಯ ಮಂಜಮ್ಮ, "ಫಾರಿನ್ನಾಗೂ ನಮ್ಮಂಗೇ ಬಯ್ತಾರಾ ಅಕ್ಕಾ?" ಎಂದಳು.

"ನನ್ ಸೊಸೆ ಕಲಿಸವ್ಳೆ ಕಣೇ, ಸುಮ್ಕೆ ನೋಡು."

ಸೊಸೆ ಎಂಬ ಪದ ಈ ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು.

ಅನುವಾದದ ಕಾದಂಬರಿ ಓದುವಾಗ ಮೂಲದಲ್ಲಿ ಏನಿದ್ದಿರಬಹುದೆಂದು ಊಹಿಸುವ ಚಟ ನನ್ನದು, ನಿನಗೆ ಗೊತ್ತು. ಎರಡನೆಯ ಕಂತನ್ನು ಇಂಗ್ಲಿಷಿನಲ್ಲೂ ಹಾಕಿ ನೋಡಿದೆ. ತಮ್ಮ ಸತ್ತ ಸುದ್ದಿ ಬಂದಾಗ ಮೋರಾಗ್ ಸುಮ್ಮನೆ ನಿಲ್ಲುತ್ತಾಳೆ. ಕನ್ನಡದಲ್ಲಿ ಅಲ್ಲೊಂದು "ಹೂಂ" ಇದೆ. ತಡೆಯಲಾಗದ್ದನ್ನು ಕೇಳಿದಾಗ ನಮ್ಮ ಕಡೆ ಹೆಂಗಸರು ಅನ್ನುವ ಹೂಂ. ಒಪ್ಪಿದೆ ಎಂದಲ್ಲ, ಕೇಳಿಸಿತು ಎಂದು. ಅವಳ ತುಟಿ ಅಲುಗಿಲ್ಲ. ಆದರೂ ಅದು ಅವಳದೇ. ಸ್ಟುಡಿಯೊದವರು ತಪ್ಪು ಎಂದಾರು. ನಾನು ಇದಕ್ಕಿಂತ ಒಳ್ಳೆಯ ಅನುವಾದ ಕಂಡಿಲ್ಲ. ಅದನ್ನು ಮಾಡಿದವಳು ನನ್ನ ಮನೆಯವಳು ಎಂದು ಮಂಜಮ್ಮನ ಎದುರಿಗೆ ಹೇಳಬೇಕೆನ್ನಿಸಿತು. ಅವ್ವ ಆಗಲೇ ಹೇಳಿಯಾಗಿತ್ತು.

ಒಪ್ಪದಿದ್ದರೆ ಮೋರಾಗ್ ನಿನ್ನ ಕೈತಪ್ಪಬಹುದು. ಆಗ ಸಂಜೆ ಹೊತ್ತು ಈ ಮನೆಯಲ್ಲಿ ನಿನ್ನ ದನಿಯೂ ಇರುವುದಿಲ್ಲ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಿನ್ನ ಕೇಳುಗ,
ಸೂರ್ಯಪ್ರಕಾಶ್

ಇನ್ನೊಂದು ಮಾತು: ಬುಧವಾರದೊಳಗೆ ಅಂಚೆ ನಿನ್ನನ್ನು ಮುಟ್ಟುವುದು ಅನುಮಾನ. ಮಂಗಳವಾರ ತಿಪಟೂರಿನಲ್ಲಿ ರೈಲು ಹತ್ತಿ ನಾನೇ ತಂದುಕೊಡುವುದೆಂದು ತೀರ್ಮಾನಿಸಿದ್ದೇನೆ. ಕಾಯಿ ಸುಲಿಯುವವರಿಗೆ ಅವತ್ತು ಬರಬೇಡಿ ಎನ್ನಬೇಕು. ಅವ್ವನಿಗೂ ಇನ್ನೂ ತಿಳಿಸಿಲ್ಲ; ತಿಳಿಸಿದರೆ ಅವಳೂ ಹೊರಡುತ್ತಾಳೆ.